ಬೇರಿಗೆ ಸುತ್ತಿದ ಪ್ಲಾಸ್ಟಿಕ್

ಹೋದ ವರ್ಷ ರಜೆಗೆ ಊರಿಗೆ ಹೋಗಿದ್ದಾಗ ನಡೆದದ್ದು. ನಮ್ಮದು ಕೋಲಾರ ಜಿಲ್ಲೆ, ಶ್ರೀನಿವಾಸಪುರದ ಕಡೆ. ಎರಡು ಎಕರೆ ಕೆಂಪು ಮಣ್ಣಿನ ಹೊಲ, ಒಂದು ಕೊಳವೆಬಾವಿ, ಅದನ್ನೇ ನಂಬಿಕೊಂಡ ಟೊಮೊಟೊ. ಬೆಳೆ ಮುಗಿದಿತ್ತು. ಒಣಗಿದ ಗಿಡಗಳನ್ನು ಕಿತ್ತು ಬದುವಿಗೆ ಹಾಕುತ್ತಿದ್ದ ತಮ್ಮನ ಜೊತೆ ನಾನೂ ಕೈಜೋಡಿಸಿದೆ. ಹದಿನಾಲ್ಕು ವರ್ಷ ದುಬೈಯಲ್ಲಿ ಬೇರೆಯವರ ತೋಟಕ್ಕೆ ನೀರು ಹಾಯಿಸಿದ ಕೈ, ತನ್ನ ಹೊಲದ ಮಣ್ಣು ಮುಟ್ಟುವ ಆಸೆ ಇರುವುದಿಲ್ಲವೇ?

ನಾಲ್ಕಾರು ಗಿಡ ಕಿತ್ತಿರಬೇಕು. ಒಂದು ಗಿಡದ ಬೇರು ನೆಟ್ಟಗೆ ಕೆಳಗಿಳಿಯದೆ, ಒಂದು ಗೇಣು ಆಳದಲ್ಲೇ ಪಕ್ಕಕ್ಕೆ ಹೊರಳಿತ್ತು. ಮಣ್ಣು ಕೊಡವಿ ನೋಡಿದೆ. ಅಂಗೈ ಅಗಲದ ಕಪ್ಪು ಪ್ಲಾಸ್ಟಿಕ್ ಹಾಳೆಯೊಂದು ಬೇರಿಗೆ ಸುತ್ತಿಕೊಂಡಿತ್ತು. ಎಳೆ ಬೇರುಗಳು ಅದನ್ನು ತೂರಲಾಗದೆ ಅದರ ಮೈಮೇಲೆಯೇ ಹರಡಿಕೊಂಡು, ಅಂಚು ಸಿಕ್ಕಿದಲ್ಲಿ ಕೆಳಗಿಳಿದಿದ್ದವು.

"ಏನೋ ಇದು?" ಎಂದೆ.

"ಪೇಪರ್ ಅಣ್ಣಾ, ಹಳೇದು. ಹೊಲದ ತುಂಬಾ ಐತೆ" ಎಂದ ತಮ್ಮ, ಅದೇನು ದೊಡ್ಡ ವಿಷಯ ಎನ್ನುವಂತೆ.

ಮಲ್ಚಿಂಗ್ ಶೀಟಿಗೆ ನಮ್ಮ ಕಡೆ ಎಲ್ಲರೂ 'ಪೇಪರ್' ಎನ್ನುತ್ತಾರೆ. ಹೆಸರು ಪೇಪರ್, ವಸ್ತು ಪಾಲಿಥಿನ್. ಆ ಪೇಪರಿಗೆ ದುಡ್ಡು ಎಲ್ಲಿಂದ ಬಂದಿತ್ತು? ಪ್ರತಿ ಸಲ ನಾಟಿಗೆ ಮುಂಚೆ "ಅಣ್ಣಾ, ಪೇಪರಿಗೆ, ಡ್ರಿಪ್ಪಿಗೆ ಸ್ವಲ್ಪ ಕಳಿಸು" ಎಂದು ಫೋನ್ ಬರುತ್ತಿತ್ತು. ಸಂಬಳವಾದ ದಿನ ಎಕ್ಸ್‌ಚೇಂಜಿನ ಸಾಲಿನಲ್ಲಿ ನಿಂತು ಕಳಿಸುತ್ತಿದ್ದವನು ನಾನೇ. ನನ್ನ ಓವರ್‌ಟೈಮಿನ ದುಡ್ಡು ನನ್ನ ಹೊಲದ ಟೊಮೊಟೊ ಬೇರಿಗೇ ಅಡ್ಡಗಟ್ಟಿ ಕುಳಿತಿತ್ತು.

ಅಂದಿನಿಂದ ಈ ವಿಷಯ ಓದತೊಡಗಿದೆ. ನಮ್ಮ ಸಂಘದಲ್ಲಿ ಕರಾವಳಿಯವರಿದ್ದಾರೆ, ಮಲೆನಾಡಿನವರಿದ್ದಾರೆ, ಉತ್ತರ ಕರ್ನಾಟಕದವರೂ ಇದ್ದಾರೆ. ಪ್ಲಾಸ್ಟಿಕ್ ಚೀಲಕ್ಕೆ ಒಬ್ಬರು 'ತೊಟ್ಟೆ' ಎಂದರೆ ಇನ್ನೊಬ್ಬರು 'ಕವರ್' ಎನ್ನುತ್ತಾರೆ. ಆದರೆ ಊರಲ್ಲಿ ಒಂದಿಷ್ಟು ಜಮೀನು, ಅದಕ್ಕೆ ತಿಂಗಳು ತಿಂಗಳು ಇಲ್ಲಿಂದ ಹೋಗುವ ದುಡ್ಡು, ಒಂದು ದಿನ ಅಲ್ಲಿಗೇ ಮರಳುವ ಲೆಕ್ಕಾಚಾರ, ಇಷ್ಟು ಮಾತ್ರ ಬಹುತೇಕ ಎಲ್ಲರದ್ದೂ ಒಂದೇ. ಅದಕ್ಕೇ ತಿಳಿದಷ್ಟನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಚೂರು ಚೂರಾಗುತ್ತದೆ, ಕರಗುವುದಿಲ್ಲ

ಗಲ್ಫಿನಲ್ಲಿರುವ ನಮಗೆ ಪ್ಲಾಸ್ಟಿಕ್ ಹೇಗೆ ಸಾಯುತ್ತದೆ ಎಂದು ಯಾರೂ ಹೇಳಿಕೊಡಬೇಕಿಲ್ಲ. ಕ್ಯಾಂಪಿನ ಟೆರೇಸಿನಲ್ಲಿ ಬಿಟ್ಟ ಪ್ಲಾಸ್ಟಿಕ್ ಕುರ್ಚಿ ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಬಣ್ಣಗೆಟ್ಟು, ಮುಟ್ಟಿದರೆ ಕೈಗೆ ಬಿಳಿ ಪುಡಿ ಹತ್ತುತ್ತದೆ. ಮೂರನೇ ಬೇಸಿಗೆಯಲ್ಲಿ ಕೂತವನನ್ನು ಬೀಳಿಸುತ್ತದೆ. ಬಿಸಿಲಿನ ನೇರಳಾತೀತ ಕಿರಣ ಪ್ಲಾಸ್ಟಿಕ್ಕಿನ ಉದ್ದುದ್ದ ಸರಪಳಿಗಳನ್ನು ತುಂಡರಿಸುತ್ತದೆ. ವಸ್ತು ಪೆಡಸಾಗುತ್ತದೆ, ಒಡೆಯುತ್ತದೆ, ಚೂರಾಗುತ್ತದೆ. ಆದರೆ ಮಣ್ಣಿನಲ್ಲಿ ಎಲೆ ಕೊಳೆತು ಗೊಬ್ಬರವಾಗುವ ಹಾಗೆ ಅದು ಗೊಬ್ಬರವಾಗುವುದಿಲ್ಲ. ಚೂರು ಇನ್ನೂ ಸಣ್ಣ ಚೂರಾಗುತ್ತದೆ, ಅಷ್ಟೆ.

ಐದು ಮಿಲಿಮೀಟರಿಗಿಂತ ಸಣ್ಣ ಚೂರುಗಳಿಗೆ ಮೈಕ್ರೊಪ್ಲಾಸ್ಟಿಕ್ ಎನ್ನುತ್ತಾರೆ. 2004ರಲ್ಲಿ ಬ್ರಿಟನ್ನಿನ ರಿಚರ್ಡ್ ಥಾಂಪ್ಸನ್ ಮತ್ತು ಸಂಗಡಿಗರು ಸಮುದ್ರದ ಪ್ಲಾಸ್ಟಿಕ್ ಚೂರುಗಳ ಬಗ್ಗೆ 'ಸೈನ್ಸ್' ಪತ್ರಿಕೆಯಲ್ಲಿ ಬರೆದ ಮೇಲೆ ಈ ಮಾತು ಎಲ್ಲೆಡೆ ಹರಡಿತು. ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕೆ ಒಂದು ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಒಂದು ಮೈಕ್ರಾನಿಗಿಂತಲೂ ಸಣ್ಣದಾದರೆ ಅದು ನ್ಯಾನೊಪ್ಲಾಸ್ಟಿಕ್. ಮೊದಮೊದಲು ಎಲ್ಲರ ಕಣ್ಣೂ ಸಮುದ್ರದ ಮೇಲಿತ್ತು. ಆಮೇಲಷ್ಟೇ ವಿಜ್ಞಾನಿಗಳು ಹೊಲದ ಮಣ್ಣಿನ ಕಡೆ ತಿರುಗಿದರು.

ಹೊಲಕ್ಕೆ ಪ್ಲಾಸ್ಟಿಕ್ ಬರುವ ದಾರಿಗಳು ಹಲವು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2021ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನ ಕೃಷಿ ವರ್ಷಕ್ಕೆ 1.25 ಕೋಟಿ ಟನ್ ಪ್ಲಾಸ್ಟಿಕ್ ಸಾಮಗ್ರಿ ಬಳಸುತ್ತದೆ. ಅದರಲ್ಲಿ ಹೆಚ್ಚಿನ ಪಾಲು ನಮ್ಮ ಏಷ್ಯಾದ್ದೇ. ಮಲ್ಚಿಂಗ್ ಶೀಟ್, ಡ್ರಿಪ್ ಪೈಪು, ಶೇಡ್ ನೆಟ್, ಸಸಿಯ ಕವರ್, ಟೊಮೊಟೊ ಕಟ್ಟುವ ಪ್ಲಾಸ್ಟಿಕ್ ದಾರ, ಗೊಬ್ಬರದ ಚೀಲ, ಎಲ್ಲವೂ ಈ ಲೆಕ್ಕದಲ್ಲಿವೆ.

ಬೇರು ಎಂಬ ವಾಚ್‌ಮನ್

ಬೇರಿನ ಕೆಲಸ ಸ್ವಲ್ಪ ತಿಳಿದರೆ ಪ್ಲಾಸ್ಟಿಕ್ ಎಲ್ಲಿ ತೊಂದರೆ ಕೊಡುತ್ತದೆ ಎನ್ನುವುದು ಸುಲಭವಾಗಿ ಅರ್ಥವಾಗುತ್ತದೆ. ಬೇರಿನ ತುದಿ ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ದಾರಿ ಹುಡುಕಿಕೊಂಡು ಮುಂದೆ ಹೋಗುತ್ತದೆ. ಜಾರಲು ಅನುಕೂಲವಾಗಲೆಂದು ತುದಿಯಲ್ಲಿ ಲೋಳೆಯಂಥ ಅಂಟು ಸುರಿಸುತ್ತದೆ. ತುದಿಯ ಹಿಂದೆ ಕೂದಲಿಗಿಂತ ಎಷ್ಟೋ ಸಪೂರದ ಬೇರುರೋಮಗಳಿವೆ. ನೀರು, ಸಾರ ಹೀರುವ ಕೆಲಸ ಬಹುಪಾಲು ಅವುಗಳದ್ದು.

ಹೀರಿದ್ದೆಲ್ಲ ನೇರವಾಗಿ ಗಿಡದೊಳಗೆ ಹೋಗುವಂತಿಲ್ಲ. ಬೇರಿನೊಳಗೆ ಒಂದು ಒಳಗೋಡೆಯಿದೆ. ಆ ಗೋಡೆಯ ಜೀವಕೋಶಗಳ ಸುತ್ತ ನೀರು ನುಸುಳದ ಮೇಣದಂಥ ಪಟ್ಟಿಯೊಂದಿದೆ. ಅದಕ್ಕೆ ಕ್ಯಾಸ್ಪೇರಿಯನ್ ಪಟ್ಟಿ ಎನ್ನುತ್ತಾರೆ. ನಮ್ಮ ಕ್ಯಾಂಪಿನ ಗೇಟಿನಲ್ಲಿ ಕಾರ್ಡ್ ನೋಡಿ ಒಳಗೆ ಬಿಡುವ ವಾಚ್‌ಮನ್ ಇದ್ದ ಹಾಗೆ ಅದು. ಬೇಕಾದ ಲವಣ ಒಳಗೆ ಹೋಗುತ್ತದೆ, ಬೇಡದ್ದು ಹೊರಗೇ ನಿಲ್ಲುತ್ತದೆ. ಪ್ಲಾಸ್ಟಿಕ್ ಕಣ ಈ ಗೇಟು ದಾಟಲಾರದು ಎಂದೇ ಬಹುಕಾಲ ನಂಬಿದ್ದರು.

2020ರಲ್ಲಿ ಚೀನಾದ ಯಾಂಟಾಯ್ ನಗರದ ಸಂಶೋಧಕರು ಗೋಧಿ ಮತ್ತು ಲೆಟಿಸ್ ಗಿಡಗಳಲ್ಲಿ ಬೇರೆಯದನ್ನೇ ಕಂಡರು. ಅದನ್ನು 'ನೇಚರ್ ಸಸ್ಟೇನಬಿಲಿಟಿ' ಪತ್ರಿಕೆಯಲ್ಲಿ ಪ್ರಕಟಿಸಿದರು. ಮಿನುಗುವ ಬಣ್ಣ ಹಾಕಿದ 0.2 ಮೈಕ್ರಾನಿನ ಪಾಲಿಸ್ಟೈರೀನ್ ಮಣಿಗಳನ್ನು ಬೇರಿನ ಬಳಿ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರು. ದೊಡ್ಡ ಬೇರಿನಿಂದ ಪಕ್ಕದ ಬೇರು ಹೊಸದಾಗಿ ಒಡೆದು ಬರುವ ಜಾಗದಲ್ಲಿ ಸಣ್ಣ ಬಿರುಕು ಬೀಳುತ್ತದೆ. ಗೇಟಿನಲ್ಲಿ ವಾಚ್‌ಮನ್ ಇದ್ದರೂ ಕಾಂಪೌಂಡು ಬಿರುಕು ಬಿಟ್ಟಿದ್ದರೆ ಏನಾಗುತ್ತದೋ ಅದೇ ಆಗಿತ್ತು. ಕಣಗಳು ಬಿರುಕಿನಲ್ಲಿ ನುಸುಳಿ, ನೀರು ಸಾಗುವ ನಾಳ ಸೇರಿ, ಮೇಲೆ ಎಲೆಯ ಕಡೆಗೂ ಹೋಗಿದ್ದವು. ಎಲೆ ಹೆಚ್ಚು ಬೆವರಿದಷ್ಟೂ ನೀರಿನ ಸೆಳೆತ ಹೆಚ್ಚು, ಸೆಳೆತ ಹೆಚ್ಚಿದಷ್ಟೂ ಒಳಗೆ ಹೋಗುವ ಕಣವೂ ಹೆಚ್ಚು. ಈ ಪ್ರಯೋಗವನ್ನು ಬರೀ ನೀರಿನಲ್ಲಿ ಮಾತ್ರವಲ್ಲ, ಶುದ್ಧೀಕರಿಸಿದ ಕೊಳಚೆ ನೀರು ಹಾಕಿದ ಮರಳು ಮಣ್ಣಿನಲ್ಲೂ ಮಾಡಿದ್ದರು. ಮರಳು ಮಣ್ಣು, ಸಂಸ್ಕರಿಸಿದ ನೀರು, ಎಲೆ ಬೆವರುವ ಬಿಸಿಲು ಎಂದ ಕೂಡಲೇ ಇಲ್ಲಿ ಲ್ಯಾಂಡ್‌ಸ್ಕೇಪಿಂಗ್ ಕೆಲಸ ಮಾಡುವ ನಮ್ಮಂಥವರ ಕಿವಿ ನೆಟ್ಟಗಾಗಲೇಬೇಕು.

ಹೊರಗೆ ಉಳಿದ ಕಣವೂ ಸುಮ್ಮನಿರುವುದಿಲ್ಲ. ನೆದರ್ಲೆಂಡ್ಸಿನ ಲೈಡನ್ ವಿಶ್ವವಿದ್ಯಾಲಯದವರು 2019ರಲ್ಲಿ ಅಳವಿ ಬೀಜದ ಮೇಲೆ ಪ್ರಯೋಗ ಮಾಡಿದರು. ಬಾಣಂತಿಯರಿಗೆ ಉಂಡೆ ಮಾಡಿ ಕೊಡುತ್ತಾರಲ್ಲ, ಇಲ್ಲಿನ ಅಂಗಡಿಯಲ್ಲಿ 'ರಶಾದ್' ಎಂದು ಮಾರುತ್ತಾರಲ್ಲ, ಅದೇ ಬೀಜ. ಪ್ಲಾಸ್ಟಿಕ್ ಕಣಗಳು ಬೀಜದ ಸಿಪ್ಪೆಯ ರಂಧ್ರಗಳಲ್ಲಿ ಕೂಡಿಕೊಂಡವು, ಮೊಳಕೆ ತಡವಾಯಿತು. ಒಂದು ದಿನ ಕಳೆಯುವಷ್ಟರಲ್ಲಿ ಮೊಳಕೆಯ ವ್ಯತ್ಯಾಸ ಬಹುಪಾಲು ಮಾಯವಾದರೂ ಕಣಗಳು ಆಮೇಲೆ ಬೇರುರೋಮಗಳ ಮೇಲೆ ಮೆತ್ತಿಕೊಂಡದ್ದು ಕಂಡುಬಂತು.

ಇನ್ನೊಂದು ಪ್ರಯೋಗ ಸಾಸಿವೆ ಕುಟುಂಬದ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದ್ದು, 2020ರದ್ದು. ಧನ ವಿದ್ಯುದಂಶದ ಕಣಗಳು ಬೇರಿನ ತುದಿಯೊಳಗೆ ಕಡಿಮೆ ಸೇರಿದರೂ ಬೇರಿನಲ್ಲಿ ಹೆಚ್ಚು ಒತ್ತಡ ಹುಟ್ಟಿಸಿ ಬೆಳವಣಿಗೆಯನ್ನು ಹೆಚ್ಚು ಕುಂಠಿಸಿದವು. ಋಣ ವಿದ್ಯುದಂಶದವು ಒಳಗಿನ ನೀರಿನ ನಾಳದವರೆಗೂ ಹೋದವು. ಅಂದರೆ ಒಳಗೆ ಎಷ್ಟು ಸೇರಿತು ಎನ್ನುವುದೊಂದೇ ಲೆಕ್ಕವಲ್ಲ. ಕಣದ ಗುಣವೂ ಲೆಕ್ಕಕ್ಕೆ ಬರುತ್ತದೆ.

ಬೇರಿಗಿಂತ ಮೊದಲು ಮಣ್ಣು

ಬೇರಿನೊಳಗೆ ಹೋಗದ ದೊಡ್ಡ ಚೂರುಗಳ ಕತೆ ಬೇರೆ. ಅವು ಬೇರಿನ ಮನೆಯನ್ನೇ ಬದಲಿಸುತ್ತವೆ.

ಬರ್ಲಿನ್ನಿನ ಸಂಶೋಧಕರು 2019ರಲ್ಲಿ ಆರು ಬಗೆಯ ಮೈಕ್ರೊಪ್ಲಾಸ್ಟಿಕ್ಕನ್ನು ಬೇರೆ ಬೇರೆಯಾಗಿ ಮಣ್ಣಿಗೆ ಬೆರೆಸಿ ಈರುಳ್ಳಿ ಸೊಪ್ಪು ಬೆಳೆದರು. ಪಾಲಿಯೆಸ್ಟರ್ ನಾರು ಬೆರೆತ ಮಣ್ಣು ಹಗುರಾಯಿತು, ನೀರು ಹಿಡಿಯುವ ಬಿಡುವ ರೀತಿ ಬದಲಾಯಿತು, ಬೇರಿನ ತೂಕ ಕಡಿಮೆಯಾಗುವ ಬದಲು ಹೆಚ್ಚಿತು. ಹಾಗಾದರೆ ಒಳ್ಳೆಯದೇ ಆಯಿತಲ್ಲ ಎನ್ನಬೇಡಿ. ಬೇರಿಗೆ ಹೋದ ಬಂಡವಾಳ ಎಲೆಗೋ ಕಾಯಿಗೋ ಹೋಗಬೇಕಾದದ್ದೂ ಆಗಿರಬಹುದು. ಮುಖ್ಯವಾಗಿ, ಒಂದೊಂದು ಪ್ಲಾಸ್ಟಿಕ್ಕಿಗೂ ಗಿಡ ಒಂದೊಂದು ರೀತಿ ನಡೆದುಕೊಂಡಿತು. 'ಪ್ಲಾಸ್ಟಿಕ್ ಹೀಗೇ ಮಾಡುತ್ತದೆ' ಎಂದು ಒಂದೇ ಮಾತಿನಲ್ಲಿ ಹೇಳಲು ಬರುವುದಿಲ್ಲ.

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಅದೇ ವರ್ಷ ಹುಲ್ಲು ಮತ್ತು ಎರೆಹುಳುವನ್ನು ಒಟ್ಟಿಗೆ ಇಟ್ಟು ನೋಡಿದರು. ಮಾಮೂಲಿ ಪಾಲಿಥಿನ್ ಪುಡಿಯಿದ್ದ ಮಣ್ಣಿನಲ್ಲಿ ಎರೆಹುಳುಗಳ ತೂಕ ಇಳಿಯಿತು. 'ಕರಗುವ ಪ್ಲಾಸ್ಟಿಕ್' ಎಂದು ಹೆಸರಾದ ಪಿಎಲ್ಎ ಇದ್ದ ಮಣ್ಣಿನಲ್ಲಿ ಮೊಳೆತ ಬೀಜ ಕಡಿಮೆ, ಹುಲ್ಲು ಗಿಡ್ಡ. ಎರೆಹುಳು ಸೊರಗಿದರೆ ಬೇರಿಗೆ ದಾರಿ ಕೊರೆದು ಕೊಡುವವರು ಯಾರು?

ಇನ್ನು ಹೊಲದ ಲೆಕ್ಕಕ್ಕೆ ಬರೋಣ. ಮಲ್ಚಿಂಗ್ ಶೀಟನ್ನು ಜಗತ್ತಿನಲ್ಲೇ ಅತಿ ಹೆಚ್ಚು ಬಳಸುವ ದೇಶ ಚೀನಾ. ಅಲ್ಲಿನ ಶಿಂಜಿಯಾಂಗ್ ಪ್ರಾಂತ್ಯದ ಶಿಹೆಜಿ ಎಂಬಲ್ಲಿ ಹೊಲದ ಮಣ್ಣು ತೆಗೆದು ಎಣಿಸಿದ್ದಾರೆ. 5 ವರ್ಷ ಶೀಟ್ ಹಾಕಿದ ಹೊಲದಲ್ಲಿ ಕಿಲೊ ಮಣ್ಣಿಗೆ ಸರಾಸರಿ 80 ಚೂರು, 15 ವರ್ಷದ ಹೊಲದಲ್ಲಿ 308, 24 ವರ್ಷದ ಹೊಲದಲ್ಲಿ 1,075.

2020ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಇಂಥ ಹಲವಾರು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿತು. ಶೀಟ್ ಹಾಕಿದ ಬೆಳೆಯಲ್ಲಿ ಇಳುವರಿ ಶೇ. 25ರಿಂದ 42ರಷ್ಟು ಹೆಚ್ಚುತ್ತದೆ. ಇದು ಸುಳ್ಳಲ್ಲ, ನಮ್ಮ ರೈತರು ಮೂರ್ಖರಲ್ಲ. ಆದರೆ ಹೆಕ್ಟೇರಿಗೆ 100 ಕಿಲೊ ಹಳೆ ಶೀಟಿನ ಚೂರು ಮಣ್ಣಿನಲ್ಲಿ ಉಳಿದರೆ ಇಳುವರಿ ಸರಾಸರಿ ಶೇ. 3, ಬೇರಿನ ತೂಕ ಶೇ. 5, ಮಣ್ಣಿಗೆ ನೀರು ಇಂಗುವ ವೇಗ ಶೇ. 8 ಇಳಿಯುತ್ತದೆ. ಮತ್ತೆ 100 ಕಿಲೊ ಸೇರಿದರೆ ಮತ್ತೆ ಅಷ್ಟು. ಲಾಭ ಆ ವರ್ಷದ್ದು, ನಷ್ಟ ಮಾತ್ರ ವರ್ಷದಿಂದ ವರ್ಷಕ್ಕೆ ಬಡ್ಡಿಯಂತೆ ಬೆಳೆಯುತ್ತದೆ.

ನಮ್ಮ ಹೊಲದ ಲೆಕ್ಕ

ಈ ಅಂಕಿಗಳನ್ನು ಓದಿದ ಮೇಲೆ ಒಂದು ರಾತ್ರಿ ಬಂಕ್ ಮೇಲೆ ಕೂತು ನಮ್ಮ ಹೊಲದ ಲೆಕ್ಕ ಹಾಕಿದೆ. ಹೆಕ್ಟೇರಿಗೆ 100 ಕಿಲೊ ಎಂದರೆ ಎಕರೆಗೆ ಸುಮಾರು 40 ಕಿಲೊ. ನಾಲ್ಕಡಿ ಅಗಲ, 400 ಮೀಟರ್ ಉದ್ದ, 25 ಮೈಕ್ರಾನ್ ದಪ್ಪದ ಒಂದು ರೋಲ್ ಸುಮಾರು 11 ಕಿಲೊ ತೂಗುತ್ತದೆ. ಎಕರೆಗೆ ಆರು ರೋಲ್ ಹಿಡಿದರೆ 66 ಕಿಲೊ. ಬೆಳೆ ಮುಗಿದಾಗ ಐದರಲ್ಲಿ ಒಂದು ಪಾಲು ಹರಿದು ಮಣ್ಣಿನಲ್ಲೇ ಉಳಿಯಿತು ಎಂದುಕೊಳ್ಳಿ, 13 ಕಿಲೊ. ಮೂರೇ ಬೆಳೆಗೆ 40 ಕಿಲೊ ಆಯಿತು. ನಾವು ಹಾಕಿದ್ದು ಏಳು ಬೆಳೆ. ಅದೂ ಕೆಲವು ಸಲ ಅಗ್ಗಕ್ಕೆ ಸಿಗುತ್ತದೆಂದು ಇನ್ನೂ ತೆಳುವಾದದ್ದು. ತೆಳು ಶೀಟು ಎತ್ತಲು ಹೋದರೆ ಹಪ್ಪಳದ ಹಾಗೆ ಮುರಿಯುತ್ತದೆ. ಆಮೇಲೆ ರೋಟವೇಟರ್ ಬಂದು ಉಳಿದದ್ದನ್ನು ನುಣ್ಣಗೆ ಕತ್ತರಿಸಿ ಮಣ್ಣಿಗೆ ಬೆರೆಸಿ ಹೋಗುತ್ತದೆ.

ಚೀನಾದ ಲೆಕ್ಕ ಕೋಲಾರಕ್ಕೆ ಹಾಗೇ ಹೊಂದಬೇಕೆಂದಿಲ್ಲ. ನಮ್ಮ ಹೊಲದ ಇಳುವರಿ ಇಳಿದದ್ದಕ್ಕೆ ಎಲೆಮುದುಡು ರೋಗವಿದೆ, ಗಂಟುಬೇರಿನ ಹುಳುವಿದೆ, ಅದೇ ಹೊಲದಲ್ಲಿ ಮತ್ತೆ ಮತ್ತೆ ಟೊಮೊಟೊ ಇಟ್ಟ ತಪ್ಪೂ ಇದೆ. ಎಲ್ಲವನ್ನೂ ಪ್ಲಾಸ್ಟಿಕ್ಕಿನ ತಲೆಗೆ ಕಟ್ಟಲಾರೆ. ಆದರೆ ಬೇರು ಅಡ್ಡ ಹೊರಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ತಮ್ಮನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಅವನು ಕೇಳಿಸಿಕೊಂಡು ಒಂದೇ ಮಾತು ಹೇಳಿದ: "ಅಣ್ಣಾ, ಪೇಪರ್ ಇಲ್ದಿದ್ರೆ ಕಳೆ ಕೀಳೋಕೆ ಆಳಿಲ್ಲ, ಹಾಯಿಸೋಕೆ ನೀರಿಲ್ಲ. ಬೋರಲ್ಲಿ ಬರೋ ಎರಡಿಂಚು ನೀರಲ್ಲಿ ಎರಡೆಕರೆ ಬೆಳೀತಾ ಇರೋದು ಆ ಪೇಪರಿಂದಾನೇ. ತೆಗೀಬೇಕು ಅಂತ ನಂಗೂ ಗೊತ್ತು. ತೆಗೆಯೋ ಕೂಲಿ ಯಾರು ಕೊಡ್ತಾರೆ?"

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಸಾವಿರ ಅಡಿಗೂ ಆಳಕ್ಕೆ ಕೊಳವೆಬಾವಿ ಕೊರೆಯುವ ಜಿಲ್ಲೆ ನಮ್ಮದು. ಅಲ್ಲಿ ನೀರು ಉಳಿಸುವ ವಸ್ತುವನ್ನು ಬೇಡ ಎನ್ನುವುದು ಏಸಿ ರೂಮಿನಲ್ಲಿ ಕೂತವನಿಗೆ ಸುಲಭ. ಆಮೇಲೆ ಹೊಳೆಯಿತು, ಅವನ ಪ್ರಶ್ನೆಯಲ್ಲೇ ಉತ್ತರವಿದೆ. ತಂದು ಹಾಕಲು ದುಡ್ಡು ಕಳಿಸುವಾಗ ತೆಗೆಯಲು ಎಷ್ಟು ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ.

ಇಲ್ಲಿನ ನಮ್ಮ ತೋಟಗಳು

ಊರಿನ ಮಾತಾಯಿತು. ಇಲ್ಲಿ ನಾವು ಕೆಲಸ ಮಾಡುವ ಜಾಗದಲ್ಲೂ ಇದೇ ಕತೆ ಇನ್ನೊಂದು ರೂಪದಲ್ಲಿದೆ.

ರಸ್ತೆ ಬದಿಯ ಹುಲ್ಲುಹಾಸು, ಖರ್ಜೂರದ ಸಾಲು, ವೃತ್ತಗಳ ಹೂವಿನ ಮಡಿಗಳಿಗೆ ಹಾಯುವುದು ಬಹುಪಾಲು ಸಂಸ್ಕರಿಸಿದ ಕೊಳಚೆ ನೀರು. 'ಕುಡಿಯಲು ಯೋಗ್ಯವಲ್ಲ' ಎಂಬ ಫಲಕ ನೋಡಿರುತ್ತೀರಿ. ಮರಳುಗಾಡಿನಲ್ಲಿ ಇದು ಒಳ್ಳೆಯ ವ್ಯವಸ್ಥೆಯೇ, ಅನುಮಾನವಿಲ್ಲ. ಆದರೆ ಆ ನೀರು ಬರುವುದು ನಮ್ಮ ಬಾತ್‌ರೂಮು, ಅಡುಗೆಮನೆ, ವಾಷಿಂಗ್ ಮೆಷಿನ್ನುಗಳಿಂದ. ನಾವು ತೊಡುವ ಕವರಾಲ್, ಟೀಶರ್ಟುಗಳಲ್ಲಿ ಪಾಲಿಯೆಸ್ಟರ್ ಇರುತ್ತದೆ. ಒಗೆದಾಗಲೆಲ್ಲ ಕಣ್ಣಿಗೆ ಕಾಣದ ನಾರು ಉದುರಿ ನೀರು ಸೇರುತ್ತದೆ. ಶುದ್ಧೀಕರಣ ಘಟಕ ಅದರಲ್ಲಿ ಬಹುಪಾಲನ್ನು ಹಿಡಿಯುತ್ತದೆ. ಹಿಡಿದದ್ದು ಮಾಯವಾಗುವುದಿಲ್ಲ, ಕೆಸರಿನಲ್ಲಿ ಉಳಿಯುತ್ತದೆ. ಆ ಕೆಸರು ಗೊಬ್ಬರವಾದರೆ ಮತ್ತೆ ಮಣ್ಣಿಗೇ.

ಊರಿಗೂ ಇದೇ ದಾರಿ ಬಂದಿದೆ. ಬೆಂಗಳೂರಿನ ಕೋರಮಂಗಲ ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಒಣಗಿ ಬಿರುಕುಬಿಟ್ಟಿದ್ದ ಕೆರೆಯಲ್ಲಿ ನೀರು ನೋಡಿ ಕಣ್ಣೊರೆಸಿಕೊಂಡವರಲ್ಲಿ ನಮ್ಮಮ್ಮನೂ ಒಬ್ಬಳು. ಆ ನೀರು ಬೇಡ ಎನ್ನುವವನು ನಾನಲ್ಲ. ಇನ್ನೂ ಒಂದು ಹಂತ ಹೆಚ್ಚು ಶುದ್ಧೀಕರಿಸಿ ಕೊಡಿ ಎಂದು ಜಿಲ್ಲೆಯವರು ಕೇಳುತ್ತ ಬಂದಿದ್ದಾರೆ. ಆ ಬೇಡಿಕೆಗೆ ಬೇರಿನ ಕಡೆಯಿಂದಲೂ ಒಂದು ಕಾರಣವಿದೆ ಎಂದಷ್ಟೇ ಸೇರಿಸುತ್ತೇನೆ.

ಲ್ಯಾಂಡ್‌ಸ್ಕೇಪಿಂಗಿನವರಿಗೆ ಇನ್ನೊಂದು ಪರಿಚಿತ ವಸ್ತುವಿದೆ. ನಿಧಾನವಾಗಿ ಕರಗುವ ಗುಂಡುಗುಂಡಾದ ಬಣ್ಣದ ಗೊಬ್ಬರ. ಗೊಬ್ಬರ ಮುಗಿದ ಮೇಲೂ ಆ ಗುಂಡುಗಳು ಮಣ್ಣಿನಲ್ಲಿ ಖಾಲಿ ಮಾತ್ರೆಯ ಹಾಗೆ ಬಿದ್ದಿರುತ್ತವೆ. ಬೆರಳಲ್ಲಿ ಅಮುಕಿದರೆ ಪಿಸಕ್ಕೆನ್ನುತ್ತವೆ. ಹಲವು ಬ್ರಾಂಡುಗಳಲ್ಲಿ ಆ ಹೊದಿಕೆ ಪ್ಲಾಸ್ಟಿಕ್ಕಿನದ್ದೇ. ಯುರೋಪಿಯನ್ ಒಕ್ಕೂಟ ಉತ್ಪನ್ನಗಳಿಗೆ ಉದ್ದೇಶಪೂರ್ವಕವಾಗಿ ಸೇರಿಸುವ ಮೈಕ್ರೊಪ್ಲಾಸ್ಟಿಕ್ ಮೇಲೆ 2023ರಲ್ಲಿ ನಿರ್ಬಂಧ ತಂದಾಗ ಇಂಥ ಗೊಬ್ಬರವನ್ನೂ ಸೇರಿಸಿ, ಬದಲಿಸಿಕೊಳ್ಳಲು ಕೆಲವು ವರ್ಷ ಕಾಲಾವಕಾಶ ಕೊಟ್ಟಿತು.

ಇನ್ನು ನಮ್ಮ ಕಾರಿಡಾರಿನ ತೋಟ. ಐದು ಗ್ಯಾಲನ್ ಬಾಟಲಿಯನ್ನು ಅರ್ಧಕ್ಕೆ ಕೊಯ್ದ ಕುಂಡದಲ್ಲಿ ಪುದೀನ, ಪೇಂಟ್ ಬಕೆಟ್ಟಿನಲ್ಲಿ ಕರಿಬೇವು, ಮೀನು ಬಂದ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಮೆಂತ್ಯ. ಊರು ಬಿಟ್ಟು ಬಂದವನಿಗೆ ಸಾರಿಗೆ ಹಾಕುವ ನಾಲ್ಕು ಕರಿಬೇವಿನ ಎಲೆ ಎಷ್ಟು ದೊಡ್ಡದು ಎನ್ನುವುದು ನಿಮಗೂ ಗೊತ್ತು. ಅದನ್ನು ಬಿಡಿ ಎನ್ನುವುದಿಲ್ಲ. ನಾನು ಮಾಡಿಕೊಂಡ ಸಣ್ಣ ಬದಲಾವಣೆಗಳನ್ನಷ್ಟೇ ಹೇಳುತ್ತೇನೆ.

ನೀರು ಬಸಿಯಲೆಂದು ಕುಂಡದ ತಳಕ್ಕೆ ಥರ್ಮಾಕೋಲ್ ಚೂರು ಹಾಕುವುದನ್ನು ನಿಲ್ಲಿಸಿದೆ. ಥರ್ಮಾಕೋಲ್ ಎಂದರೆ ಪಾಲಿಸ್ಟೈರೀನ್, ಆ ಗೋಧಿಯ ಪ್ರಯೋಗದಲ್ಲಿ ಬಳಸಿದ ಜಾತಿಯದ್ದೇ. ಈಗ ಸೈಟಿನಲ್ಲಿ ಬಿದ್ದ ಜಲ್ಲಿ, ಒಡೆದ ಟೈಲ್ಸ್ ಚೂರು ಹಾಕುತ್ತೇನೆ. ಟೀ ಬ್ಯಾಗನ್ನು ಇಡಿಯಾಗಿ ಕುಂಡಕ್ಕೆ ಹಾಕುವುದಿಲ್ಲ. ಕಾಗದದ ಹಾಗೆ ಕಂಡರೂ ಎಷ್ಟೋ ಟೀ ಬ್ಯಾಗುಗಳ ಅಂಚು ಅಂಟಿಸಲು ಪ್ಲಾಸ್ಟಿಕ್ ನಾರು ಸೇರಿಸಿರುತ್ತಾರೆ. ಹರಿದು ಚಹಾಪುಡಿ ಮಾತ್ರ ಮಣ್ಣಿಗೆ, ಚೀಲ ಕಸಕ್ಕೆ. ಬಿಸಿಲಿಗೆ ಪುಡಿ ಏಳತೊಡಗಿದ ಬಕೆಟ್ಟನ್ನು 'ಇನ್ನೊಂದು ಸೀಸನ್ ಬರಲಿ' ಎಂದು ಇಟ್ಟುಕೊಳ್ಳುವುದಿಲ್ಲ.

ಇಷ್ಟು ಓದಿ ಯಾರೂ ಟೊಮೊಟೊ, ಲೆಟಿಸ್ ತಿನ್ನುವುದನ್ನು ಬಿಡಬೇಕಿಲ್ಲ. ಪ್ರಯೋಗಾಲಯದಲ್ಲಿ ಬಳಸುವ ಪ್ರಮಾಣ ಸಾಮಾನ್ಯವಾಗಿ ಹೊಲದಲ್ಲಿ ಇರುವುದಕ್ಕಿಂತ ಹೆಚ್ಚು. ನಮ್ಮ ಹೊಟ್ಟೆಗಿಂತ ಮೊದಲು ಚಿಂತಿಸಬೇಕಾದ್ದು ಮಣ್ಣಿನ ಬಗ್ಗೆ. ಮಣ್ಣಿಗೆ ಬೆರೆತ ಪುಡಿಯನ್ನು ಮತ್ತೆ ಬೇರ್ಪಡಿಸುವ ಯಂತ್ರ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಹಾಳೆಯಾಗಿದ್ದಾಗ ಎತ್ತಿದರೆ ಉಂಟು, ಪುಡಿಯಾದ ಮೇಲೆ ಇಲ್ಲ.

ಊರಿಗೆ ಫೋನ್ ಮಾಡುವಾಗ

ನಿಮ್ಮ ಮನೆಯವರೂ ಶೀಟ್ ಹಾಕುತ್ತಿದ್ದರೆ ಮುಂದಿನ ಫೋನಿನಲ್ಲಿ ಇಷ್ಟು ಮಾತಾಡಿ.

ತೆಳು ಶೀಟಿನ ಅಗ್ಗಕ್ಕೆ ಆಸೆಪಡಬೇಡಿ. ಬೆಳೆ ಮುಗಿದಾಗ ಇಡಿಯಾಗಿ ಎತ್ತಲು ಬರುವಷ್ಟು ದಪ್ಪದ್ದು, 25ರಿಂದ 30 ಮೈಕ್ರಾನಿನದ್ದು ಇರಲಿ. ಅಂಗಡಿಯವರು ಹೇಳಿದ್ದನ್ನು ನಂಬುವ ಬದಲು ರೋಲ್ ತೂಕ ಹಾಕಿಸಿ. ಅಳತೆ ಗೊತ್ತಿದ್ದರೆ ತೂಕವೇ ದಪ್ಪದ ಸಾಕ್ಷಿ. ಚೀನಾ ಕೂಡ ತೆಳು ಶೀಟಿನ ಪಾಡು ಅನುಭವಿಸಿ, 2018ರಲ್ಲಿ ಕನಿಷ್ಠ ದಪ್ಪವನ್ನು 10 ಮೈಕ್ರಾನಿಗೆ ಏರಿಸಿತು.

ಶೀಟ್ ಎತ್ತುವ ಮುಂಚೆ ರೋಟವೇಟರ್ ಹೊಲಕ್ಕೆ ಇಳಿಯಕೂಡದು. ಮೊದಲು ಡ್ರಿಪ್ ಪೈಪು, ಆಮೇಲೆ ಶೀಟು, ಆಮೇಲೆ ಕಟ್ಟಿದ ದಾರ, ಕೊನೆಗೆ ಉಳುಮೆ. ಎತ್ತಿದ್ದಕ್ಕೆ ಬದುವಿನಲ್ಲಿ ಬೆಂಕಿ ಇಡುವುದೂ ಬೇಡ. ಅರೆಬೆಂದ ಚೂರು ಗಾಳಿಗೆ ಹಾರಿ ಹೊಲಕ್ಕೇ ವಾಪಸು ಬರುತ್ತದೆ, ಹೊಗೆ ಮನೆಯವರ ಎದೆಗೆ ಹೋಗುತ್ತದೆ. ಮಣ್ಣು ಕೊಡವಿ ಒಣಗಿಸಿ ಕಟ್ಟಿಟ್ಟರೆ ಗುಜರಿಯವರು ಒಯ್ಯುವ ಸಂಭವ ಹೆಚ್ಚು. ಮಣ್ಣು ಮೆತ್ತಿದ್ದನ್ನು ಅವರೂ ಮುಟ್ಟುವುದಿಲ್ಲ.

'ತಾನೇ ಕರಗುತ್ತದೆ' ಎನ್ನುವ ಶೀಟಿಗೆ ಕೂಡಲೇ ಮರುಳಾಗಬೇಡಿ. ನೆದರ್ಲೆಂಡ್ಸಿನ ವಾಗೆನಿಂಗನ್‌ನಲ್ಲಿ ಗೋಧಿಯ ಮೇಲೆ ನಡೆದ ಪ್ರಯೋಗದಲ್ಲಿ ಪಿಷ್ಟ ಆಧಾರಿತ ಕರಗುವ ಶೀಟಿನ ಚೂರು ಮಾಮೂಲಿ ಪಾಲಿಥಿನ್ನಿಗಿಂತ ಹೆಚ್ಚು ಕೆಡುಕು ಮಾಡಿತ್ತು. 'ಆಕ್ಸೊ' ಎಂದು ಬರುವವು ಬೇಗ ಪುಡಿಯಾಗುತ್ತವೆ ಅಷ್ಟೆ. ಯುರೋಪು ಅವನ್ನು 2019ರ ಕಾನೂನಿನಲ್ಲೇ ನಿಷೇಧಿಸಿದೆ.

ಹುಲ್ಲು, ಸೋಗೆ, ತರಗೆಲೆ, ಕಬ್ಬಿನ ರವದಿ ಸಿಗುವ ಕಡೆ ಅದೇ ಹೊದಿಕೆಯಾಗಲಿ. ನಮ್ಮ ಕಡೆ ರಾಗಿಹುಲ್ಲು ಹಸುವಿಗೇ ಸಾಲದು, ಆದರೂ ಬದುವಿನ ಮಾವಿನೆಲೆ ಮನೆ ಬಳಕೆಯ ತರಕಾರಿ ಮಡಿಗೆ ಸಾಕಾಗುತ್ತದೆ. ಕರಾವಳಿ, ಮಲೆನಾಡಿನವರಿಗೆ ಒಂದು ಮಾತು: ಅಡಿಕೆ, ತೆಂಗು, ಕಾಳುಮೆಣಸಿನ ಸಸಿ ನೆಡುವಾಗ ಆಳುಗಳು ಅವಸರದಲ್ಲಿ ತೊಟ್ಟೆಯ ತಳ ಸೀಳಿ ಹಾಗೇ ಗುಂಡಿಗೆ ಇಳಿಸುವುದುಂಟು. ತೊಟ್ಟೆ ಪೂರ್ತಿ ತೆಗೆದು ನೆಡಿಸಿ. ಬೇರಿಗೆ ಅದೇ ಮೊದಲ ಕೊರಳುಪಟ್ಟಿಯಾಗಬಾರದು.

ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಗೆ. ಪೇಪರ್ ಹಾಕಲು ದುಡ್ಡು ಕಳಿಸುವವರು ತೆಗೆಯುವ ಕೂಲಿಯನ್ನೂ ಸೇರಿಸಿಯೇ ಕಳಿಸಿ. ಇದು ಉಪಕಾರವಲ್ಲ, ನಮ್ಮ ಜಮೀನಿನ ಸಾಲ ತೀರಿಸಿದಂತೆ.

ನಾನು ಹಾಗೇ ಮಾಡಿದೆ. ಈ ವರ್ಷ ಬೇಸಿಗೆಯಲ್ಲಿ ತಮ್ಮ ನಾಲ್ಕು ಆಳು ಕರೆದು ಮೂರು ದಿನ ಹೊಲ ಕೆದಕಿಸಿದ. ಮೊದಲ ಸಂಜೆ ವಿಡಿಯೊ ಕಾಲ್ ಮಾಡಿ ತೋರಿಸಿದ. ಗೊಬ್ಬರದ ಚೀಲಗಳಲ್ಲಿ ತುಂಬಿದ ಕಪ್ಪು ಹರಕು ಬದುವಿನ ಮೇಲೆ ಸಾಲಾಗಿ ಕೂತಿತ್ತು. ಮೂರು ದಿನಕ್ಕೆ ಒಂಬತ್ತು ಚೀಲ. ಸಣ್ಣ ಚೂರು ಎಲ್ಲವೂ ಬಂದಿಲ್ಲ, ಬರುವುದೂ ಇಲ್ಲ. ಎಪ್ಪತ್ತು ದಾಟಿದ ಅಮ್ಮನೂ ಸುಮ್ಮನೆ ಕೂರದೆ, ಮೊರ ಹಿಡಿದು ಹಿತ್ತಿಲ ಮಡಿಯ ಮಣ್ಣು ಕೇರುತ್ತ ಕೂತಿದ್ದಳು.

"ಇನ್ನೂ ಎಷ್ಟು ಐತೋ ಒಳಗೆ" ಎಂದಳು. ಆಮೇಲೆ ಫೋನು ಹತ್ತಿರ ತಂದು ಕೇಳಿದಳು, "ನೀನು ಬಂದು ಬೇಸಾಯ ಮಾಡೋ ಹೊತ್ತಿಗೆ ಹೊಲ ಸರಿಹೋಯ್ತದೆ ತಾನೇ?"

ಇನ್ನೆರಡು ವರ್ಷಕ್ಕೆ ಮರಳುವ ಲೆಕ್ಕ ನನ್ನದು. ಆಯ್ತದಮ್ಮ ಎಂದೆ. ಮಾರನೆಯ ತಿಂಗಳ ಪಟ್ಟಿಯಲ್ಲಿ, ಅಮ್ಮನ ಔಷಧಿ, ಮಗಳ ಫೀಸಿನ ಕೆಳಗೆ, 'ಹೊಲ ಶುಚಿ' ಎಂದು ಇನ್ನೊಂದು ಸಾಲು ಬರೆದುಕೊಂಡೆ.